ಹಿಮ್ಮಡಿ ನೋವಿಗೆ ‘ತೂಕ ಇಳಿಸಿ’ ಅಂದರೆ ಸಾಕಾ?

ನಮಸ್ಕಾರ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಮ್ಮಡಿ ಚುಳುಕ್ ಅನ್ನುತ್ತಾ? ಸ್ವಲ್ಪ ಓಡಾಡಿದ ಮೇಲೆ ಕಡಿಮೆಯಾಗಿ, ತುಂಬಾ ಹೊತ್ತು ಕೂತು ಎದ್ದರೆ ಮತ್ತೆ ನೋಯುತ್ತಾ? ಅದು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು ಇರಬಹುದು. ಸಣ್ಣಗಿರೋರಿಗೂ ಬರುತ್ತೆ, ಆದರೆ ತೂಕ ಹೆಚ್ಚಿದ್ದವರಲ್ಲಿ ಜಾಸ್ತಿ.

[ಪರದೆಯಲ್ಲಿ: ಅಂಗಾಲಿನ ಒಳಚಿತ್ರ]

ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಪಾದದ ಕಮಾನನ್ನು ಹಿಡಿದಿರೋದು ಅದೇ. ಭಾರ ಬಿದ್ದಾಗ ಕಮಾನು ತಗ್ಗುತ್ತೆ, ಪಟ್ಟಿ ಎಳೆಯುತ್ತೆ. ಓಡುವಾಗ ಪಾದದ ಮೇಲೆ ಬೀಳುವ ಒತ್ತಡ ದೇಹದ ತೂಕದ 2–3 ಪಟ್ಟು. ಅಂದರೆ ಹೆಚ್ಚಾದ 10 ಕೆ.ಜಿ. ಪಾದದ ಲೆಕ್ಕದಲ್ಲಿ 20–30 ಕೆ.ಜಿ. ಆಗುತ್ತೆ, ಅದೂ ಓಟದ ಪ್ರತಿ ಹೆಜ್ಜೆಗೆ.

[ಪರದೆಯಲ್ಲಿ: ಕಾಲಿನ ಗಿಣ್ಣಿನ ಒಳಭಾಗ]

ಗಿಣ್ಣಿನ ಒಳಬದಿಯಿಂದ ಇಳಿದು ಬರುವ ಈ ಸ್ನಾಯುರಜ್ಜು ಕೂಡ ಕಮಾನಿಗೆ ಆಸರೆ. ಇದು ಸೋತರೆ ದೊಡ್ಡವರಲ್ಲೂ ಪಾದ ಚಪ್ಪಟೆಯಾಗುತ್ತಾ ಹೋಗುತ್ತೆ. ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತೋಕೆ ಆಗ್ತಿಲ್ಲ, ಗಿಣ್ಣಿನ ಒಳಬದಿ ಊದಿದೆ ಅಂದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಭಾರವೊಂದೇ ಕಾರಣ ಅಲ್ಲ. ಕೊಬ್ಬಿನ ಅಂಗಾಂಶ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತೆ. ಯೂರಿಕ್ ಆಸಿಡ್ ಏರಿ ಹೆಬ್ಬೆರಳಿನ ಬುಡದಲ್ಲಿ ಗೌಟ್ ಅನ್ನೋ ಕೀಲುನೋವು ಕಾಣಿಸಿಕೊಳ್ಳೋದಕ್ಕೂ ತೂಕಕ್ಕೂ ನಂಟಿದೆ.

ಇಷ್ಟೆಲ್ಲ ಇದ್ದರೂ, “ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ” ಅಂತ ಕಳಿಸಿಬಿಡೋದು ಅನ್ಯಾಯ ಅಂತಲೇ ನಾನು ಹೇಳ್ತೀನಿ. ಕಾಲು ಊರೋಕೇ ಆಗದವರು ವಾಕಿಂಗ್ ಮಾಡೋದು ಹೇಗೆ? ನೋವಿನಿಂದ ಓಡಾಟ ನಿಲ್ಲುತ್ತೆ, ತೂಕ ಏರುತ್ತೆ, ನೋವು ಇನ್ನೂ ಜಾಸ್ತಿಯಾಗುತ್ತೆ. ಹಾಗಾಗಿ ನೋವಿಗೆ ಚಿಕಿತ್ಸೆ ಮೊದಲ ದಿನದಿಂದಲೇ ಶುರುವಾಗಬೇಕು. ಹಾಸಿಗೆಯಿಂದ ಇಳಿಯೋ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಗೋಡೆಗೆ ಕೈ ಊರಿ ಮೀನಖಂಡ ಹಿಗ್ಗಿಸಿ. ಮನೆಯೊಳಗೂ ಬರಿಗಾಲಲ್ಲಿ ಬೇಡ, ಹಿಮ್ಮಡಿಗೆ ಮೆತ್ತೆ ಇರುವ ಪಾದರಕ್ಷೆ ಹಾಕಿ. ವಾರಗಳಲ್ಲ, ಕೆಲವರಿಗೆ ತಿಂಗಳುಗಳೇ ಬೇಕಾಗಬಹುದು, ಬಿಡಬೇಡಿ. ವ್ಯಾಯಾಮಕ್ಕೆ ಈಜು, ಸೈಕಲ್ ಒಳ್ಳೇದು, ಪಾದಕ್ಕೆ ಹೊಡೆತ ಬೀಳಲ್ಲ.

ಮಧುಮೇಹ ಇರೋರು ಮಾತ್ರ ನೋವಿಗಾಗಿ ಕಾಯಬೇಡಿ. ನರಗಳು ಸೋತು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗಲ್ಲ. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಗ್ಗೋಕೆ ಆಗದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲಾಂದ್ರೆ ಮನೆಯವರಿಗೆ ನೋಡೋಕೆ ಹೇಳಿ. ಸಣ್ಣ ಗುಳ್ಳೆ ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಿ.