ಹಡಗನ್ನು ಪರೀಕ್ಷೆ ಮಾಡಿದವರು ಯಾರ ಕಡೆಯವರು?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ಹಡಗಿನ ಬಗ್ಗೆ ಮಾತಾಡಿ ಎಂದು ಕರೆದಾಗ ನನಗೆ ಮೊದಲು ನೆನಪಾಗಿದ್ದು ಸಮುದ್ರ ಅಲ್ಲ, ನಮ್ಮ ಅಪ್ಪ. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ವ್ಯಾಪಾರಿ ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ, ಹೇಳುತ್ತಿದ್ದರು. ಅದರ ಮೇಲೆ ರೇಟು. ಅಪ್ಪ ಪ್ರತಿ ವರ್ಷ ಕೇಳುತ್ತಿದ್ದುದು ಒಂದೇ ಪ್ರಶ್ನೆ: ತೂಗಿದವನು ಯಾರ ಕಡೆಯವನು? ಆಮೇಲೆ ನಾನು 18 ವರ್ಷ ಹಡಗಿನಲ್ಲಿ ಇಂಜಿನಿಯರ್ ಆಗಿ ದುಡಿದೆ. ಅಲ್ಲೂ ಇದೇ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ನಮ್ಮ ಕಾಫಿ ಲಾರಿಯಲ್ಲಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಅಲ್ಲಿಂದ ಹಡಗು. ಆ ಹಡಗಿನ ಹಿಂದೆ ಒಂದು ಬಾವುಟ ಇರುತ್ತದೆ. ಎಷ್ಟೋ ಸಲ ಅದು ಪನಾಮಾ, ಲೈಬೀರಿಯಾ ಅಥವಾ ಮಾರ್ಷಲ್ ದ್ವೀಪಗಳ ಬಾವುಟ. ಬಾವುಟ ಯಾವ ದೇಶದ್ದೋ, ಹಡಗು ಗಟ್ಟಿಯಾಗಿದೆಯಾ ಎಂದು ನೋಡುವ ಹೊಣೆ ಆ ದೇಶದ್ದು. ಆದರೆ ಹಡಗು ಜೀವಮಾನದಲ್ಲಿ ಒಮ್ಮೆಯೂ ಆ ದೇಶದ ಬಂದರಿಗೆ ಹೋಗದೇ ಇರಬಹುದು. ಹಾಗಿದ್ದರೆ ನೋಡುವವರು ಯಾರು?

ಜೀಪಿಗೆ ಎಫ್‌ಸಿ ಮಾಡಿಸಲು ನಾವು ಆರ್‌ಟಿಓ ಹತ್ತಿರ ಹೋಗುತ್ತೇವೆ. ಹಡಗಿಗೆ ಬಹುಪಾಲು ದೇಶಗಳು ಆ ಕೆಲಸವನ್ನು ಕ್ಲಾಸ್ ಸೊಸೈಟಿ ಎಂಬ ಸಂಸ್ಥೆಗಳಿಗೆ ಒಪ್ಪಿಸಿವೆ. ಹಡಗಿನವರ ಬಾಯಲ್ಲಿ ಅದು ಬರೀ ‘ಕ್ಲಾಸ್’. ಲಾಯ್ಡ್ಸ್ ರಿಜಿಸ್ಟರ್, ಬ್ಯೂರೋ ವೆರಿಟಾಸ್, ಡಿಎನ್‌ವಿ, ಜಪಾನಿನ ಕ್ಲಾಸ್‌ಎನ್‌ಕೆ, 1975ರಲ್ಲಿ ಶುರುವಾದ ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್, ಇವೆಲ್ಲ ಅಂಥವು. ಇವು ಯಾವುದೂ ಸರ್ಕಾರಿ ಇಲಾಖೆ ಅಲ್ಲ.

ಕಾಫಿ ನಾಡಿನವರು ತಿಳಿಯಲೇಬೇಕಾದ ಒಂದು ವಿಷಯ ಇದೆ. ಈ ಏರ್ಪಾಡು ಹುಟ್ಟಿದ್ದೇ ಕಾಫಿ ಅಂಗಡಿಯಲ್ಲಿ. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬವರ ಕಾಫಿ ಮನೆಗೆ ಹಡಗಿನ ವಿಮೆ ಮಾಡುವವರು, ವ್ಯಾಪಾರಿಗಳು ಬರುತ್ತಿದ್ದರು. ಆ ಗಿರಾಕಿಗಳ ಬಳಗದವರೇ 1760ರಲ್ಲಿ ಸೇರಿ, ಯಾವ ಹಡಗು ಎಷ್ಟು ಗಟ್ಟಿ ಎಂದು ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದರು. ಹಡಗಿನ ಒಡಲಿಗೆ ಒಂದು ಅಕ್ಷರ, ಹಗ್ಗ ಲಂಗರುಗಳಿಗೆ ಇನ್ನೊಂದು ಗುರುತು. ನಾವು ‘ಏ ಒನ್ ಮಾಲು’ ಅಂತೀವಲ್ವಾ, ಆ ‘ಏ ಒನ್’ ಬಂದಿದ್ದು ಅಲ್ಲಿಂದ.

ಆಗ ಪರೀಕ್ಷೆ ಮಾಡುತ್ತಿದ್ದವರು ವಿಮೆಯವರ ಕಡೆಯವರು. ಹಡಗು ಮುಳುಗಿದರೆ ದುಡ್ಡು ಹೋಗುವುದು ಅವರದೇ. ಹಡಗಿನ ಮಾಲೀಕರಿಗೆ ಅವರ ಗ್ರೇಡು ಸರಿ ಕಾಣಲಿಲ್ಲ. 1799ರಲ್ಲಿ ತಮ್ಮದೇ ಬೇರೆ ಪುಸ್ತಕ ತಂದರು. ಎರಡೂ ಪೈಪೋಟಿಯಲ್ಲಿ ನಡೆದು, ಸೋತು ಸುಣ್ಣವಾಗಿ, 1834ರಲ್ಲಿ ಒಂದಾದವು. ನಮ್ಮಪ್ಪನ ಪ್ರಶ್ನೆ ಅವರಿಗೂ ಇತ್ತು.

ಇವತ್ತು ಕ್ಲಾಸ್‌ಗೆ ಫೀಸು ಕೊಡುವವರು ಹಡಗಿನ ಮಾಲೀಕರು. ಅವರಿಗೆ ಬೇಡ ಅನ್ನಿಸಿದರೆ ಬೇರೆ ಕ್ಲಾಸ್‌ಗೆ ಹೋಗಬಹುದು. ನನ್ನ ಮಟ್ಟಿಗೆ ಕಷ್ಟ ಇರುವುದು ಇಲ್ಲೇ.

ಹೀಗೆಂದ ಮಾತ್ರಕ್ಕೆ ಕ್ಲಾಸ್ ಪರವಾಗಿ ಬಂದು ಹಡಗು ಪರೀಕ್ಷಿಸುವ ಸರ್ವೇಯರ್‌ಗಳು ಕೆಟ್ಟವರು ಎಂದು ದಯವಿಟ್ಟು ತಿಳಿಯಬೇಡಿ. ಒಮ್ಮೆ ನಾವು ರಾತ್ರಿ ಹೊರಡಬೇಕಿತ್ತು. ಸಂಜೆ ಸರ್ವೇಯರ್ ಬಂದರು. ಅರವತ್ತರ ಹತ್ತಿರದ ಮನುಷ್ಯ. ಹಡಗಿನ ಸಮತೋಲಕ್ಕೆ ನೀರು ತುಂಬಿಸುವ ಬ್ಯಾಲಸ್ಟ್ ಟ್ಯಾಂಕಿನ ಕಿರಿದಾದ ಬಾಯಲ್ಲಿ ನುಸುಳಿ ಇಳಿದರು. ಟಾರ್ಚ್ ಹಿಡಿದು ಹಿಂದೆ ನಾನು. ಪೇಂಟು ಉಬ್ಬಿದ ಕಡೆ ಸುತ್ತಿಗೆಯಿಂದ ಬಡಿದರು. ಒಳ್ಳೆಯ ಉಕ್ಕು ಗಂಟೆಯ ಹಾಗೆ ಸದ್ದು ಮಾಡುತ್ತದೆ. ಅದು ‘ದಬ್’ ಎಂದಿತು, ತುಕ್ಕಿನ ಪದರ ಹಪ್ಪಳದ ಹಾಗೆ ಕಳಚಿ ಬಿತ್ತು. ಕಂಪನಿಯವರು ಫೋನ್ ಮೇಲೆ ಫೋನ್ ಮಾಡಿದರು. ಆ ಮನುಷ್ಯ ಬಗ್ಗಲಿಲ್ಲ. ಪ್ಲೇಟು ಬದಲಾಯಿಸಿದ ಮೇಲೇ ಸಹಿ. ಎರಡು ದಿನ ತಡವಾಯಿತು. ಅವರನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಆದರೆ ಇಪ್ಪತ್ತೈದು ಜನರ ಜೀವ ಒಬ್ಬ ಮನುಷ್ಯನ ಗಟ್ಟಿತನದ ಮೇಲೆ ನಿಲ್ಲಬಾರದು, ಅಲ್ವಾ?

ಕಾನೂನು ಏನು ಹೇಳುತ್ತದೆ? 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಸಮುದ್ರದಲ್ಲಿ ಜೀವರಕ್ಷಣೆಗಾಗಿ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಬಂತು. ಈಗ ನಡೆಯುತ್ತಿರುವುದು 1974ರದ್ದು. ಪರೀಕ್ಷೆಯ ಕೆಲಸವನ್ನು ಬೇರೆಯವರಿಗೆ ವಹಿಸಬಹುದು ಎಂದು ಅದರಲ್ಲಿದೆ. ಜೊತೆಗೇ, ಆ ಪರೀಕ್ಷೆ ಪೂರ್ತಿಯಾಗಿ, ಸರಿಯಾಗಿ ನಡೆದಿದೆ ಎಂಬ ಖಾತರಿ ಮಾತ್ರ ಸರ್ಕಾರದ್ದೇ ಎಂದೂ ಇದೆ. ಕೆಲಸ ಕೊಡಬಹುದು, ಹೊಣೆ ಕೊಡುವ ಹಾಗಿಲ್ಲ. 2015ರಿಂದ ಇಂಥ ಸಂಸ್ಥೆಗಳ ಮೇಲೆ ಸರ್ಕಾರಗಳು ಹೇಗೆ ನಿಗಾ ಇಡಬೇಕು ಎಂಬುದಕ್ಕೆ ಪ್ರತ್ಯೇಕ ನಿಯಮವೂ ಜಾರಿಯಲ್ಲಿದೆ.

ಆದರೆ ಅನಾಹುತ ಆದಾಗ ಯಾರನ್ನು ಹಿಡಿಯುವುದು? 1999ರ ಡಿಸೆಂಬರಿನಲ್ಲಿ ಎರಿಕಾ ಎಂಬ ಹಳೆಯ ಎಣ್ಣೆ ಹಡಗು ಫ್ರಾನ್ಸಿನ ಹತ್ತಿರ ಎರಡು ತುಂಡಾಯಿತು. 2012ರಲ್ಲಿ ಫ್ರಾನ್ಸಿನ ಉನ್ನತ ಕೋರ್ಟು ಉಳಿದವರ ಜೊತೆ ಅದರ ಕ್ಲಾಸ್ ಸಂಸ್ಥೆಯನ್ನೂ ಹೊಣೆ ಮಾಡಿತು. 2002ರಲ್ಲಿ ಪ್ರೆಸ್ಟೀಜ್ ಮುಳುಗಿ ಸ್ಪೇನಿನ ಕರಾವಳಿ ಎಣ್ಣೆಮಯವಾಯಿತು. ಸ್ಪೇನ್ ಆ ಹಡಗಿನ ಕ್ಲಾಸ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿ, ಅದೇ 2012ರಲ್ಲಿ ಸೋತಿತು.

ನನ್ನನ್ನು ಜಾಸ್ತಿ ಕಾಡುವುದು ಮೂರನೆಯದು. 2006ರ ಫೆಬ್ರವರಿಯಲ್ಲಿ ಪನಾಮಾ ಬಾವುಟದ ಅಲ್ ಸಲಾಮ್ ಬೊಕ್ಕಾಚಿಯೋ 98 ಎಂಬ ಪ್ರಯಾಣಿಕರ ಹಡಗು ಕೆಂಪು ಸಮುದ್ರದಲ್ಲಿ ಮುಳುಗಿತು. ಸತ್ತವರು ಸಾವಿರಕ್ಕೂ ಹೆಚ್ಚು. ಬದುಕುಳಿದವರು, ಸತ್ತವರ ಮನೆಯವರು ಇಟಲಿಯ ಜಿನೋವಾದಲ್ಲಿ ಕ್ಲಾಸ್ ಸಂಸ್ಥೆಯ ಮೇಲೆ ಕೇಸು ಹಾಕಿದರು. ನಾವು ಪನಾಮಾ ಸರ್ಕಾರದ ಪರವಾಗಿ ಕೆಲಸ ಮಾಡಿದ್ದು, ಸರ್ಕಾರಕ್ಕೆ ಇರುವ ರಕ್ಷಣೆ ನಮಗೂ ಇದೆ ಎಂದು ಸಂಸ್ಥೆ ವಾದಿಸಿತು. ಯೋಚನೆ ಮಾಡಿ. ಸರ್ಕಾರ ಕೆಲಸವನ್ನು ಸಂಸ್ಥೆಗೆ ಕೊಟ್ಟಿದೆ. ಸಂಸ್ಥೆ ಸರ್ಕಾರದ ಹೆಸರು ಹೇಳುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಯಾರ ಬಾಗಿಲು ತಟ್ಟಬೇಕು? 2020ರಲ್ಲಿ ಯುರೋಪಿನ ನ್ಯಾಯಾಲಯ, ಸಂಸ್ಥೆ ಚಲಾಯಿಸಿದ್ದು ಸರ್ಕಾರದ ಅಧಿಕಾರವನ್ನು ಅಲ್ಲವಾದರೆ ಈ ರಕ್ಷಣೆ ಅಡ್ಡ ಬರುವುದಿಲ್ಲ ಎಂದಿತು. ಕೇಸು ಕೇಳಿ ಎಂದು ಹೇಳಿಸಿಕೊಳ್ಳಲಿಕ್ಕೇ ಹದಿನಾಲ್ಕು ವರ್ಷ.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಕ್ಲಾಸ್ ಬೇಕು. ಅವರ ಅನುಭವ, ಪ್ರತಿ ಬಂದರಿನಲ್ಲೂ ಇರುವ ಅವರ ಸರ್ವೇಯರ್‌ಗಳು, ಇವನ್ನು ಯಾವ ಸಣ್ಣ ದೇಶವೂ ಸ್ವಂತಕ್ಕೆ ಕಟ್ಟಲಾರದು. ಆದರೆ ಕೆಲಸ ವಹಿಸಿದ ಸರ್ಕಾರದ ಬಳಿ ಆ ಪರೀಕ್ಷೆಯನ್ನು ಮತ್ತೆ ಪರೀಕ್ಷಿಸುವ ಸ್ವಂತ ಜನ ಇರಬೇಕು. ಹಡಗುಗಳನ್ನು ನೋಡಿಕೊಳ್ಳುವ ನಮ್ಮ ಸರ್ಕಾರಿ ಇಲಾಖೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನಲ್ಲೂ ಟ್ಯಾಂಕಿಗೆ ಇಳಿದು ನೋಡಬಲ್ಲ ಹುಡುಗ ಹುಡುಗಿಯರು ಹೆಚ್ಚಬೇಕು. ಇಲ್ಲಿ ಕೂತಿರುವ ಇಂಜಿನಿಯರಿಂಗ್ ಮಕ್ಕಳಿಗೆ ಈ ಮಾತು.

ಬೆಳೆಗಾರರಲ್ಲಿ ಕೆಲವರು ನೇರವಾಗಿ ರಫ್ತು ಮಾಡುತ್ತೀರಿ. ಮಾಲು ಹಡಗಿಗೆ ಹಾಕಿದ್ದಕ್ಕೆ ಕೊಡುವ ರಶೀದಿ, ಅಂದರೆ ನಿಮ್ಮ ಬಿಲ್ ಆಫ್ ಲೇಡಿಂಗ್‌ನಲ್ಲಿ ಹಡಗಿನ ಹೆಸರು ಇರುತ್ತದೆ. ಎಕ್ವಾಸಿಸ್ ಎಂಬ ಜಾಲತಾಣದಲ್ಲಿ ಆ ಹೆಸರು ಹಾಕಿದರೆ ಬಾವುಟ ಯಾವುದು, ಕ್ಲಾಸ್ ಯಾವುದು, ಯಾವ ಬಂದರಿನಲ್ಲಿ ತಡೆದು ನಿಲ್ಲಿಸಿದ್ದರು ಎಂಬುದೆಲ್ಲ ಕಾಣುತ್ತದೆ. ದುಡ್ಡು ಕೊಡಬೇಕಿಲ್ಲ. ಊಟ ಆದ ಮೇಲೆ ಮೊಬೈಲ್ ಹಿಡಿದು ನನ್ನ ಹತ್ತಿರ ಬನ್ನಿ. ನಿಮ್ಮ ಕಳೆದ ಸಲದ ಹಡಗನ್ನೇ ಹುಡುಕಿ ನೋಡೋಣ.