ಟ್ಯಾಪೆಟ್ ಅಲ್ಲದ ಟ್ಯಾಪೆಟ್ ಸದ್ದು: ಬಳ್ಳಾರಿಯ ಅಂಬಾಸಿಡರ್ ಒಂದರ ತನಿಖೆ

[ಪರದೆ ಕಪ್ಪು. ಸದ್ದು ಮಾತ್ರ: ಟಕ್ ಟಕ್ ಟಕ್ ಟಕ್...]

ಈ ಸದ್ದನ್ನು ಕಳುಹಿಸಿದವರು ಬಳ್ಳಾರಿಯ ವೀಕ್ಷಕರೊಬ್ಬರು. ತಂದೆಯ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಗಾಡಿ ಚೆನ್ನಾಗಿ ಎಳೆಯುತ್ತದೆ, ಹೊಗೆ ಉಗುಳುವುದಿಲ್ಲ, ಆಯಿಲ್ ಕುಡಿಯುವುದಿಲ್ಲ. ಆದರೂ ಬಾನೆಟ್ ಒಳಗಿನಿಂದ ಬಿಡದೆ ಈ ಟಕಟಕ. ಒಬ್ಬ ಮೇಸ್ತ್ರಿ ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಂದು, ಸೆಟ್ ಮಾಡಿಕೊಟ್ಟರು, ಸದ್ದು ಹೋಗಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್‌ಗಳನ್ನು ಕೊರೆಸಿ ಸರಿಮಾಡಿಸಬೇಕು ಎಂದರು. ಅವರ ಪ್ರಶ್ನೆ ಒಂದೇ: "ಸರ್, ಇಳಿಸಲೇಬೇಕೇ?"

ಬೇಡ. ಸದ್ದು ಇಂತಹ ಕಡೆಯಿಂದಲೇ ಬರುತ್ತಿದೆ ಎಂದು ಬೆರಳಿಟ್ಟು ತೋರಿಸುವವರು ಸಿಗುವ ತನಕ ಹಳೆಯ ಎಂಜಿನ್ನಿಗೆ ಪಾನಾ ಹಾಕಲು ಬಿಡಬೇಡಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಒಮ್ಮೆ ಬಿಚ್ಚಿದ ಎಂಜಿನ್ನನ್ನು ಮೊದಲಿನಂತೆ ಕೂಡಿಸುವ ಕೈಗಳೂ ಕಡಿಮೆಯಾಗುತ್ತಿವೆ.

ಎಂಜಿನ್ನಿನ ಪರಿಚಯವನ್ನು ಬೇಗ ಮುಗಿಸುತ್ತೇನೆ. ನಾಲ್ಕು ಸಿಲಿಂಡರ್, ಗಾಳಿ ಒಳಗೆ, ಹೊಗೆ ಹೊರಗೆ ಬಿಡಲು ಎಂಟು ವಾಲ್ವ್. ಮೂಲ ವಿನ್ಯಾಸ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್'. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಇದೇ ವಂಶದ್ದು. ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್, ಪಕ್ಕದಲ್ಲಿ ಕ್ಯಾಮ್ ಶಾಫ್ಟ್, ಎರಡನ್ನೂ ಜೋಡಿಸುವ ಟೈಮಿಂಗ್ ಚೈನ್. ಕ್ಯಾಮ್ ಎತ್ತುವ ಪುಶ್ ರಾಡ್‌ಗಳು ಮೇಲಿನ ರಾಕರ್‌ಗಳನ್ನು ತಳ್ಳುತ್ತವೆ, ರಾಕರ್‌ಗಳು ವಾಲ್ವ್‌ಗಳನ್ನು ಒತ್ತುತ್ತವೆ.

ನನ್ನನ್ನು ಹಿಡಿದು ನಿಲ್ಲಿಸುವ ವಿಷಯ ಇಲ್ಲಿಂದ ಆರಂಭವಾಗುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ನಮ್ಮ ಸೀಮೆಯ ಬಯಲಾಟದ ಹಿಮ್ಮೇಳದಲ್ಲಿ ತಾಳ ಒಮ್ಮೆ ಬೀಳುವಷ್ಟರಲ್ಲಿ ಮದ್ದಳೆಯ ಮೇಲೆ ಎರಡು ಪೆಟ್ಟು ಬೀಳುತ್ತಿದೆ ಎಂದುಕೊಳ್ಳಿ. ಕುಣಿತ ಬಿರುಸಾದರೆ ಎರಡೂ ಓಡುತ್ತವೆ, ಒಂದಕ್ಕೆರಡರ ಲೆಕ್ಕ ಮಾತ್ರ ಮುರಿಯುವುದಿಲ್ಲ. ಕತ್ತಲಲ್ಲಿ ಕುಳಿತು ಕೇಳುವವನಿಗೂ ಯಾವುದು ತಾಳ, ಯಾವುದು ಮದ್ದಳೆ ಎಂದು ತಿಳಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಸದ್ದು ಎಷ್ಟು ಜೋರಾಗಿದೆ ಎಂಬುದು ದಾರಿ ತಪ್ಪಿಸುತ್ತದೆ, ಏಕೆಂದರೆ ಎಂಜಿನ್ನಿನ ಕಬ್ಬಿಣ ಒಂದು ಮೂಲೆಯ ಪೆಟ್ಟನ್ನು ಇನ್ನೊಂದು ಮೂಲೆಗೆ ಸಾಗಿಸುತ್ತದೆ. ಲಯವನ್ನು ಹಾಗೆ ಬದಲಿಸಲು ಅದಕ್ಕೆ ಸಾಧ್ಯವಿಲ್ಲ.

ಲಯವನ್ನು ಎಣಿಸುವುದು ಹೇಗೆ? ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 10 ಸುತ್ತು, ಕ್ಯಾಮ್ 5 ಸುತ್ತು. ಇಷ್ಟು ವೇಗವನ್ನು ಕಿವಿ ಎಣಿಸಲಾರದು, ಮೊಬೈಲ್ ಎಣಿಸಿಕೊಡುತ್ತದೆ. ನಮ್ಮ ವೀಕ್ಷಕರಿಗೆ, ಸುತ್ತು ಅಳೆಯುವ ಟ್ಯಾಕೋಮೀಟರ್ ಇಟ್ಟು 600ಕ್ಕೆ ನಿಲ್ಲಿಸಿ ಮತ್ತೊಮ್ಮೆ ರೆಕಾರ್ಡ್ ಮಾಡಿ ಎಂದೆ. ಅದನ್ನು ಕಾಲು ವೇಗದಲ್ಲಿ ಕೇಳೋಣ.

[ನಿಧಾನಗೊಳಿಸಿದ ಸದ್ದು, 8 ಸೆಕೆಂಡು. ಪ್ರತಿ ಪೆಟ್ಟಿಗೂ ಪರದೆಯ ಮೇಲೆ ಒಂದು ಚುಕ್ಕೆ.]

ಎಂಟು ಸೆಕೆಂಡಿಗೆ ಹತ್ತು ಪೆಟ್ಟು. ಕಾಲು ವೇಗದ ಎಂಟು ಸೆಕೆಂಡು ಎಂದರೆ ನಿಜದಲ್ಲಿ ಎರಡೇ ಸೆಕೆಂಡು. ಕ್ರ್ಯಾಂಕ್ ಬೇರಿಂಗ್ ಪ್ರತಿ ಸುತ್ತಿಗೂ ಬಡಿಯುತ್ತಿದ್ದರೆ ಇಪ್ಪತ್ತು ಇರಬೇಕಿತ್ತು. ಇದು ಕ್ಯಾಮಿನ ಲಯ. ನಿಮ್ಮ ಗ್ಯಾರೇಜಿನಲ್ಲಿ ಟೈಮಿಂಗ್ ಲೈಟ್ ಇದ್ದರೆ ಎಣಿಸುವ ಕೆಲಸವೂ ಇಲ್ಲ. ಒಂದನೆಯ ಸಿಲಿಂಡರಿನ ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿ. ಎರಡು ಸುತ್ತಿಗೊಮ್ಮೆ ಕಿಡಿ, ಕಿಡಿಗೊಮ್ಮೆ ಬೆಳಕು. ಪ್ರತಿ ಬೆಳಕಿಗೂ ಒಂದೇ ಟಕ್ ಕೇಳಿದರೆ ಅದೇ ಉತ್ತರ. ಕಣ್ಣು ಮತ್ತು ಕಿವಿ ಕೂಡಿ ಸಾಕ್ಷಿ ಹೇಳುವ ಈ ಕ್ಷಣ ನನಗೆ ಎಷ್ಟು ನೋಡಿದರೂ ಸಾಲದು.

ಆದರೆ ಒಂದು ಎಚ್ಚರಿಕೆ. ಸಿಲಿಂಡರ್ ಉರಿದಾಗ ಮಾತ್ರ ಜೋರಾಗುವ ಸದ್ದುಗಳೂ ಎರಡು ಸುತ್ತಿಗೊಮ್ಮೆಯೇ ಬರುತ್ತವೆ. ಸವೆದ ಬೋರಿನಲ್ಲಿ ಪಿಸ್ಟನ್ ಗೋಡೆಗೆ ಬಡಿಯುವುದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುವುದು ಈ ಜಾತಿಯವು. ಸಂಡೂರಿನ ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿದು ಓಡಿದ ಕಾರಿನಲ್ಲಿ ಬೋರ್ ಸವೆದಿರಬಹುದೆಂಬ ಅನುಮಾನ ನ್ಯಾಯವಾದದ್ದೇ. ಅದನ್ನು ಪರೀಕ್ಷಿಸಲು ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ತೆಗೆದು ಅರ್ತ್ ಮಾಡಬೇಕು, ಅಂದರೆ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಬೇಕು, ರಬ್ಬರ್ ಹಿಡಿಯ ಇಕ್ಕಳದಲ್ಲಿ. ಆ ಸಿಲಿಂಡರಿನಲ್ಲಿ ಉರಿಯೇ ಇಲ್ಲದಿದ್ದಾಗ ಸದ್ದು ತಗ್ಗಿದರೆ ತೊಂದರೆ ಅಲ್ಲಿದೆ. ನಮ್ಮ ವೀಕ್ಷಕರು ನಾಲ್ಕನ್ನೂ ಸರದಿಯಂತೆ ಅರ್ತ್ ಮಾಡಿದರು, ಟಕಟಕ ಕದಲಲಿಲ್ಲ. ಬೋರ್ ಮಾಡಿಸುವ ಖರ್ಚು ಅಲ್ಲಿಗೆ ಉಳಿಯಿತು.

ಹಾಗಾದರೆ ಟ್ಯಾಪೆಟ್ಟೇ? ರಾಕರ್ ಕವರ್ ತೆಗೆದರು. ಈ ಎಂಜಿನ್ನಿನಲ್ಲಿ ರಾಕರ್ ಮತ್ತು ವಾಲ್ವ್ ನಡುವಿನ ಸಂದು 15 ಥೌ (ಇಂಚಿನ ಸಾವಿರದ ಹದಿನೈದು ಪಾಲು), ಅಂದರೆ 0.38 ಮಿಲಿಮೀಟರ್ ಇರಬೇಕು. ಸೆಟ್ ಮಾಡಲು ಹಳೆಯ ಮೇಸ್ತ್ರಿಗಳು ಬಳಸುವ ಒಂಬತ್ತರ ಲೆಕ್ಕ ಬಹಳ ಚೆಂದ. ಎಂಟನೆಯ ವಾಲ್ವ್ ಪೂರ್ತಿ ಒತ್ತಿದ್ದಾಗ ಒಂದನೆಯದನ್ನು ಸೆಟ್ ಮಾಡು, ಆರನೆಯದು ಒತ್ತಿದ್ದಾಗ ಮೂರನೆಯದನ್ನು. ಯಾವ ಜೋಡಿಯನ್ನು ಕೂಡಿದರೂ ಒಂಬತ್ತು. ಸಂದುಗಳೆಲ್ಲ ಸರಿಯಾಗಿದ್ದವು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗಲೇ ಪ್ರತಿ ರಾಕರಿನ ಕೆಳಗೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ತೂರಿಸಿ ನೋಡಿದರು. ಸದ್ದು ಆ ಟ್ಯಾಪೆಟ್ಟಿನದಾಗಿದ್ದರೆ ಗೇಜ್ ತೂರಿದ ಕೂಡಲೇ ತಗ್ಗಬೇಕು. ಎಂಟೂ ಕಡೆ ತಗ್ಗಲಿಲ್ಲ.

ಕ್ಯಾಮಿನ ಲಯ, ಆದರೆ ವಾಲ್ವ್ ಅಲ್ಲ. ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ. ಕ್ಯಾಮ್ ಶಾಫ್ಟ್ ವಾಲ್ವ್‌ಗಳನ್ನಷ್ಟೇ ನಡೆಸುವುದಿಲ್ಲ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದು ಅದರಿಂದ, ಆಯಿಲ್ ಪಂಪ್ ತಿರುಗುವುದು ಅದರಿಂದ. ಜೊತೆಗೆ ಇನ್ನೊಂದಿದೆ.

[ಹತ್ತಿರದ ಚಿತ್ರ: ಎಂಜಿನ್ ಬದಿಯಲ್ಲಿ ತಂತಿ ಸುತ್ತಿದ, ಕೆಂಪು ಧೂಳು ಮೆತ್ತಿಕೊಂಡ ಬಟ್ಟೆಯ ಉಂಡೆ.]

ಈ ಬಟ್ಟೆ ಏನೆಂದು ಬಳ್ಳಾರಿ, ರಾಯಚೂರಿನವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬ್ಯುರೇಟರಿಗೆ ಕೊಡುವ, ಕ್ಯಾಮ್ ನಡೆಸುವ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಅದಕ್ಕೆಂದು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ನಮ್ಮ ಕಡೆಯ ಹಳೆಯ ರೂಢಿ, ಒಳ್ಳೆಯ ರೂಢಿ. ಇಲ್ಲಿ ಬಟ್ಟೆ ಒಣಗಿ, ಗಟ್ಟಿಯಾಗಿ, ಪಂಪನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಹೀಗಾಗಿ ಅಲ್ಲಿ ಯಾರೂ ಕಿವಿ ಇಟ್ಟಿರಲಿಲ್ಲ.

ಬಟ್ಟೆ ಬಿಚ್ಚಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡರು. ಪೆಟ್ಟು ನೇರವಾಗಿ ತಲೆಯೊಳಗೆ ಬಿತ್ತು. ಖಚಿತಪಡಿಸಿಕೊಳ್ಳಲು ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪಂಪ್ ಬಿಚ್ಚಿ, ಪೆಟ್ರೋಲ್ ಪೈಪಿನ ಬಾಯಿ ಬಂದ್ ಮಾಡಿ, ಆಯಿಲ್ ಚಿಮ್ಮದಂತೆ ಪಂಪ್ ಕೂರುವ ಜಾಗಕ್ಕೆ ತಗಡಿನ ಮುಚ್ಚಳ ಹಾಕಿದರು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲಿನಲ್ಲೇ ಎಂಜಿನ್ ಸ್ವಲ್ಪ ಹೊತ್ತು ಓಡುತ್ತದೆ. ಅಷ್ಟು ಸಾಕು.

[ಎಂಜಿನ್ ಓಡುತ್ತಿದೆ. ಟಕಟಕ ಇಲ್ಲ.]

ಪಂಪಿನೊಳಗೆ ಒಂದು ತೋಳಿದೆ. ಅದನ್ನು ಸದಾ ಕ್ಯಾಮಿಗೆ ಅಂಟಿಸಿ ಹಿಡಿಯುವ ಚಿಕ್ಕ ಸ್ಪ್ರಿಂಗ್ ತುಂಡಾಗಿತ್ತು. ತೋಳು ಸಡಿಲವಾಗಿ ಪ್ರತಿ ಸುತ್ತಿಗೂ ಕ್ಯಾಮಿಗೆ ಬಡಿಯುತ್ತಿತ್ತು. ಪೆಟ್ರೋಲ್ ತಳ್ಳುವ ಡಯಾಫ್ರಾಮಿನ ಸ್ಪ್ರಿಂಗ್ ಬೇರೆಯದೇ ಇದೆ, ಅದು ನೆಟ್ಟಗಿತ್ತು. ಆದ್ದರಿಂದಲೇ ಗಾಡಿಯ ಓಟದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಪಂಪ್ ಬದಲಾಯಿಸಿದರು. ಎಂಜಿನ್ ಇದ್ದ ಜಾಗದಲ್ಲೇ ಇದೆ.

ಸಮಯ ಆಗಿದೆ, ಉಳಿದ ಸದ್ದುಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಬೆಳಿಗ್ಗೆ ತಣ್ಣಗಿದ್ದಾಗ ಬಡಿದು, ಬಿಸಿಯಾದಂತೆ ತಗ್ಗಿದರೆ ಪಿಸ್ಟನ್. ಬಿಸಿಯಾದ ಮೇಲೆ ಆಯಿಲ್ ತೆಳುವಾಗಿ, ಎತ್ತರ ಏರುವಾಗ ಆಳದಿಂದ ಗುದ್ದಿದಂತೆ ಕೇಳಿದರೆ ಕ್ರ್ಯಾಂಕ್ ಬೇರಿಂಗ್. ಅದರ ಜೊತೆ ಆಯಿಲ್ ದೀಪವೂ ಹೊತ್ತಿಕೊಂಡರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಿ. ಮುಂಭಾಗದ ಕಿರುಗುಟ್ಟುವಿಕೆಗೆ ಫ್ಯಾನ್ ಬೆಲ್ಟ್ ತೆಗೆದು ಕೆಲವೇ ಸೆಕೆಂಡು ಓಡಿಸಿ, ನಿಂತರೆ ಡೈನಮೋ ಅಥವಾ ವಾಟರ್ ಪಂಪ್. ಇವೆಲ್ಲವನ್ನೂ ಮಾಡುವಾಗ ಅಂಗಿಯ ತೋಳು ಮಡಚಿಕೊಳ್ಳಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ. ಆ ಫ್ಯಾನಿಗೆ ಮುಚ್ಚಳವಿಲ್ಲ.

ನಿಮ್ಮ ಹಳೆಯ ಕಾರಿನ ಸದ್ದು ಕಳುಹಿಸುವುದಾದರೆ ಮೂರು ಸಂಗತಿ ಬರೆಯಿರಿ: ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿತ್ತು, ಕ್ಲಚ್ ಒತ್ತಿದಾಗ ಸದ್ದು ಬದಲಾಯಿತೇ. ಸಿಂಧನೂರಿನಿಂದ ಒಂದು ಪದ್ಮಿನಿ ಕಾರಿನ ಸದ್ದು ಬಂದಿದೆ, ಕ್ಲಚ್ ಒತ್ತಿದರೆ ಪೂರ್ತಿ ನಿಂತುಹೋಗುತ್ತದೆ. ಮುಂದಿನ ವಿಡಿಯೋದಲ್ಲಿ ಅದರ ಗೇರ್ ಬಾಕ್ಸ್ ಹತ್ತಿರ ಕಿವಿ ಇಡೋಣ.