ಚಾಪೆಯ ಮೇಲೆ ಕೂತ ದೇವರು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತಿನ ಚಿತ್ರ ತೀರಾ ಚಿಕ್ಕದು. ಎತ್ತರ ಸುಮಾರು 16 ಸೆಂಟಿಮೀಟರ್, ಅಗಲ 13. ಪರದೆ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿದೆ, ಅದನ್ನು ನಂಬಬೇಡಿ.

ಡಚ್ ಚಿತ್ರಗಾರ ರೆಂಬ್ರಾಂಟ್ 1656ರಲ್ಲಿ ಮಾಡಿದ ಎಚಿಂಗ್ ಇದು, ಅಂದರೆ ತಾಮ್ರದ ತಗಡಿನಿಂದ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ. ಕಥೆ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯದ್ದು. ಸುಡುಬಿಸಿಲಿನ ಹೊತ್ತು. ಮುದುಕ ಅಬ್ರಹಾಮ ಡೇರೆಯ ಬಾಗಿಲಲ್ಲಿ ಕೂತಿದ್ದಾನೆ. ತಲೆ ಎತ್ತಿದರೆ ಎದುರಿಗೆ ಮೂವರು ಅಪರಿಚಿತರು. ಓಡಿಹೋಗಿ ಅಡ್ಡಬೀಳುತ್ತಾನೆ. ಕಾಲಿಗೆ ನೀರು ಕೊಡುತ್ತೇನೆ, ಮರದ ಕೆಳಗೆ ದಣಿವಾರಿಸಿಕೊಳ್ಳಿ ಅನ್ನುತ್ತಾನೆ. ರೊಟ್ಟಿ, ಎಳೆಗರುವಿನ ಮಾಂಸ, ಮೊಸರು, ಹಾಲು ಬಡಿಸುತ್ತಾನೆ. ಬಂದವರಲ್ಲಿ ಇಬ್ಬರು ದೇವದೂತರು, ಒಬ್ಬ ದೇವರೇ. ಬರುವ ವರ್ಷ ಇಷ್ಟು ಹೊತ್ತಿಗೆ ನಿನ್ನ ಹೆಂಡತಿ ಸಾರಳಿಗೆ ಮಗ ಹುಟ್ಟಿರುತ್ತಾನೆ ಅನ್ನುತ್ತಾನೆ. ಸಾರಳಿಗೆ ಆಗಲೇ 90ರ ಹತ್ತಿರ. ಬಾಗಿಲ ಮರೆಯಲ್ಲಿ ಕೇಳಿಸಿಕೊಂಡು ನಗುತ್ತಾಳೆ. ನಗದೆ ಇನ್ನೇನು ಮಾಡಿಯಾಳು, ಅಲ್ವಾ?

ಯುರೋಪಿನ ಚಿತ್ರಗಾರರು ಈ ಕಥೆಯ ದೇವದೂತರನ್ನು ಸಾಮಾನ್ಯವಾಗಿ ಚೆಲುವಾದ ಹರೆಯದವರನ್ನಾಗಿ ಬರೆಯುತ್ತಿದ್ದರು. 1646ರಲ್ಲಿ ರೆಂಬ್ರಾಂಟ್ ಇದೇ ಕಥೆಗೆ ಬರೆದ ಪುಟ್ಟ ತೈಲಚಿತ್ರದಲ್ಲೂ ರೆಕ್ಕೆಯ ದೇವದೂತ ದೀಪದ ಹಾಗೆ ಹೊಳೆಯುತ್ತಾನೆ. 10 ವರ್ಷ ಕಳೆದ ಮೇಲೆ ನೋಡಿ. ಮೂವರೂ ನೆಲದ ಮೇಲೆ ಹಾಸಿದ ಚಾಪೆಯಂಥದ್ದರ ಮೇಲೆ ಕೂತಿದ್ದಾರೆ. ನಡುವಿನವನಿಗೆ ಉದ್ದ ಗಡ್ಡ, ಕೈಯಲ್ಲಿ ಬಟ್ಟಲು. ದೇವರು ಅವನೇ. ಉಳಿದಿಬ್ಬರ ಬೆನ್ನಿಗೆ ರೆಕ್ಕೆ ಇಲ್ಲದಿದ್ದರೆ ಊರ ಹಿರಿಯರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಾರೆ ಅನ್ನಬಹುದಿತ್ತು.

ಈ ಕೂರುವ ರೀತಿ ಅವನಿಗೆ ಸಿಕ್ಕಿದ್ದು ನಮ್ಮ ಕಡೆಯಿಂದ. ಸುಮ್ನೆ ಹೇಳುತ್ತಿಲ್ಲ. ರೆಂಬ್ರಾಂಟ್ ಹಾಲೆಂಡ್ ಬಿಟ್ಟು ಹೋದವನಲ್ಲ. ಆದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಏಷ್ಯಾಕ್ಕೆ ಓಡಾಡುತ್ತಿದ್ದವು, ಮೊಘಲರ ಪುಟ್ಟ ವರ್ಣಚಿತ್ರಗಳು (ಮಿನಿಯೇಚರ್) ಆಮ್‌ಸ್ಟರ್‌ಡ್ಯಾಮ್ ಮುಟ್ಟಿದ್ದವು. ಅವುಗಳನ್ನು ನೋಡಿ ಅವನು ಇಪ್ಪತ್ತಕ್ಕೂ ಜಾಸ್ತಿ ರೇಖಾಚಿತ್ರ ಬರೆದುಕೊಂಡ, ಅದೂ ಜಪಾನಿನಿಂದ ಬಂದ ಕಾಗದದ ಮೇಲೆ. ಅದರಲ್ಲೊಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮರದ ಕೆಳಗೆ ನಾಲ್ವರು ವಯಸ್ಸಾದ ಶೇಖ್‌ಗಳು, ಕೈಯಲ್ಲಿ ಪುಟ್ಟ ಬಟ್ಟಲುಗಳು. ಅದರ ಮೊಘಲ್ ಮೂಲ ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಒಂದು ಕೋಣೆಯ ಗೋಡೆಯಲ್ಲಿದೆ.

ಅಲ್ಲಿ ನಾಲ್ವರು, ಇಲ್ಲಿ ಮೂವರು. ನಾಲ್ಕನೆಯವನು ಎಲ್ಲಿ? ಬಲಗಡೆ ಕೆಳಗೆ ನೋಡಿ. ಹೂಜಿ ಹಿಡಿದು ಬಗ್ಗಿರುವ ಅಬ್ರಹಾಮ. ನೆಲದ ಮೇಲೆ ಕೂತವರಿಗಿಂತಲೂ ತಗ್ಗಿನಲ್ಲಿದ್ದಾನೆ. ಮನೆಯ ಯಜಮಾನ ಅತಿಥಿಗಿಂತ ಕೆಳಗೆ! ಕುರ್ಚಿ ಮೇಜು ಹಾಕಿದ್ದರೆ ಈ ವಿನಯ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಎಚಿಂಗ್ ಬಗ್ಗೆ ಎರಡು ಮಾತು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಇಡುತ್ತಾರೆ. ಗೀರಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದ ಇಟ್ಟು, ಪ್ರೆಸ್‌ನಲ್ಲಿ ಒತ್ತುತ್ತಾರೆ. ಚಿತ್ರ ಎಡಬಲ ತಿರುಗಿ ಬೀಳುತ್ತದೆ. ಇದರ ಮೂಲ ತಗಡು ಇನ್ನೂ ಇದೆ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಅದರಲ್ಲಿ ಅಬ್ರಹಾಮ ಎಡಗಡೆ ಇದ್ದಾನೆ. ತಮಾಷೆ ಅಂದರೆ, ತಗಡಿನ ಬೆನ್ನಿಗೆ ಬೇರೊಬ್ಬ ಚಿತ್ರಗಾರ ಎಣ್ಣೆಬಣ್ಣದಲ್ಲಿ ಹಳ್ಳಿಯ ನೋಟ ಬರೆದಿದ್ದಾನೆ. ತಾಮ್ರ ದುಬಾರಿ, ಪೋಲು ಮಾಡುವವರು ಯಾರು! ಅಂದಹಾಗೆ 1656 ರೆಂಬ್ರಾಂಟ್ ದಿವಾಳಿಯಾದ ವರ್ಷವೂ ಹೌದು.

ಕೊನೆಗೆ ಆ ಹುಡುಗ. ಹಿಂದೆ, ಗೋಡೆಗೆ ಒರಗಿ, ನಮಗೆ ಬೆನ್ನು ಹಾಕಿ ಬಿಲ್ಲು ಹಿಡಿದವನು. ಅವನು ಇಷ್ಮಾಯೇಲ, ದಾಸಿ ಹಾಗರಳಲ್ಲಿ ಅಬ್ರಹಾಮನಿಗೆ ಹುಟ್ಟಿದ ಮಗ. 18ನೇ ಅಧ್ಯಾಯದಲ್ಲಿ ಅವನ ಹೆಸರೇ ಇಲ್ಲ. ರೆಂಬ್ರಾಂಟ್ ತಾನಾಗಿ ಕರೆತಂದಿದ್ದಾನೆ. ಸಾರಳಿಗೆ ಮಗ ಹುಟ್ಟಿದ ಮೇಲೆ ಹಾಗರಳನ್ನೂ ಇವನನ್ನೂ ಮನೆಯಿಂದ ಕಳಿಸಿಬಿಡುತ್ತಾರೆ. ಕಾಡಿನಲ್ಲಿ ಬೆಳೆದು ಬಿಲ್ಲುಗಾರನಾಗುತ್ತಾನೆ. ಇಲ್ಲಿ ಇನ್ನೂ ಅದೇನೂ ಆಗಿಲ್ಲ. ಇವನ ಬೆನ್ನ ಹಿಂದೆಯೇ ಇವನ ಮನೆ ತಪ್ಪಿಸುವ ಮಾತು ನಡೆಯುತ್ತಿದೆ. ಇವನು ಗುರಿ ನೋಡುತ್ತಿದ್ದಾನೆ.

ಚಿತ್ರದ ಅಳತೆಗೇ ತೆಗೆದ ಒಂದು ಪ್ರತಿ ಆ ಮೇಜಿನ ಮೇಲಿದೆ, ಪಕ್ಕದಲ್ಲಿ ಭೂತಗನ್ನಡಿಯೂ ಇದೆ. ಒಬ್ಬೊಬ್ಬರಾಗಿ ಬಂದು ನೋಡಿ. ಸಾರಳನ್ನು ಹುಡುಕಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಬಾಗಿಲ ಕತ್ತಲೆಯಲ್ಲಿದ್ದಾಳೆ.